ಕಿಟಕಿಯ ಬೋರ್ಡಿನಲ್ಲಿ ಇನ್ನೊಂದು ಪದಕ್ಕೆ ಜಾಗವಿದೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಅತ್ತೆಯವರ ಉಗುಳು ತಿರಸ್ಕೃತವಾಗಿದೆ ಎಂದು ತಿಳಿಸುವ ತಮ್ಮ ಕಚೇರಿಯ ಸಂದೇಶ ಕಳೆದ ವಾರ ನನ್ನ ಮೊಬೈಲಿಗೆ ಬಂದಿದೆ. ಹೊಸ ಮಾದರಿಯೊಂದಿಗೆ ಖುದ್ದಾಗಿ ಹಾಜರಾಗಬೇಕೆಂದು ಅದರಲ್ಲಿ ಅವರಿಗೆ ಸೂಚಿಸಲಾಗಿದೆ. ಅತ್ತೆ ಬರಲಾರರು. ಆ ಸಂದೇಶ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ತಮ್ಮ ಸೂಚನೆಯನ್ನು ಪಾಲಿಸಲಾಗದ್ದಕ್ಕೆ ಅವರ ಪರವಾಗಿ ನಾನೇ ಕ್ಷಮೆ ಕೇಳುತ್ತೇನೆ, ಇರಲಿ. ಇದನ್ನು ತಮ್ಮ ಕಚೇರಿಗೆ ಕೊಡದೆ ಪತ್ರಿಕೆಗೆ ಯಾಕೆ ಕಳಿಸುತ್ತಿದ್ದಾಳೆ ಈ ಹೆಂಗಸು ಎಂದು ತಮಗೆ ಅನ್ನಿಸಬಹುದು. ಕಚೇರಿಗೆ ಕೊಟ್ಟರೆ ಅಲ್ಲಿ ಇದನ್ನು ಯಾವ ಟ್ರೇಗೆ ಹಾಕುತ್ತಾರೋ ಎಂಬ ಭಯ, ಅಷ್ಟೇ.

ತಮಗೆ ನನ್ನ ಪರಿಚಯವಿಲ್ಲ. ನನ್ನ ಅಕ್ಷರದ ಪರಿಚಯ ಮಾತ್ರ ಇದ್ದೇ ಇದೆ. ತಮ್ಮ ಆಸ್ಪತ್ರೆಯ ಗೋಡೆ, ಬಾಗಿಲು, ಕಿಟಕಿಗಳ ಮೇಲಿರುವ ಬೋರ್ಡುಗಳನ್ನೆಲ್ಲ ಬರೆದವರು ನಾನು ಮತ್ತು ನನ್ನ ಯಜಮಾನರು. ‘ಸಾಲಿನಲ್ಲಿ ನಿಲ್ಲಿ’ ನಮ್ಮದು. ‘ಅನುಮತಿ ಇಲ್ಲದೆ ಒಳಗೆ ಬರಬಾರದು’ ನಮ್ಮದು. ‘ವೈದ್ಯರು ಊಟಕ್ಕೆ ಹೋಗಿದ್ದಾರೆ’ ಎಂಬುದನ್ನು ತಗಡಿನ ಮೇಲೆ ಬರೆದುಕೊಟ್ಟೆವು. ಬೇಕಾದಾಗ ತೆಗೆಯಲಿ ಎಂದು ಕೊಕ್ಕೆ ಹಾಕಿ ಕೊಟ್ಟಿದ್ದೆವು. ಯಾಕೋ ಅದನ್ನು ತೆಗೆದದ್ದನ್ನು ನಾನಂತೂ ನೋಡಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ಬರೆದದ್ದು ‘ಇಲ್ಲಿ ಉಗುಳಬಾರದು’. ಮೆಟ್ಟಿಲ ತಿರುವಿನಲ್ಲಿ, ನಲ್ಲಿಯ ಪಕ್ಕದಲ್ಲಿ, ಔಷಧಿ ಕೊಡುವ ಕೋಣೆಯ ಹೊರಗೆ, ಎಲ್ಲ ಕಡೆ ಕೆಂಪು ಎನಾಮೆಲ್ಲಿನಲ್ಲಿ ಬರೆದಿದ್ದೇನೆ. ಈಗ ಕಣ್ಣು ಮುಚ್ಚಿಕೊಂಡು ಬೇಕಾದರೂ ಬರೆದೇನು.

ಈ ಸಲ ಜ್ವರದ ಕಾಲ ಶುರುವಾಗುವ ಮುಂಚೆ ತಮ್ಮ ಇಲಾಖೆಯ ಗಾಡಿ ನಮ್ಮ ಬೀದಿಗೆ ಬಂದು ಮೈಕಿನಲ್ಲಿ ಸಾರಿತು. ಸೊಳ್ಳೆಯಿಂದ ಬರುವ ಡೆಂಗಿ ಜ್ವರವನ್ನು ಪತ್ತೆಮಾಡಲು ಇನ್ನು ಮುಂದೆ ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ, ‘ಲಾಲಾರಸದ ಮಾದರಿ’ ಸಾಕು ಎಂದಿತು. ಅದರ ಬೋರ್ಡು ಬರೆಯುವ ಕೆಲಸವೂ ನಮಗೇ ಬಂತು. ತಮ್ಮ ಗುಮಾಸ್ತರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಓದಿ ನಾನು ಕೇಳಿದೆ: “ಸಾರ್, ಲಾಲಾರಸ ಅಂದ್ರೆ ಜನಕ್ಕೆ ಗೊತ್ತಾಗುತ್ತಾ? ಉಗುಳು ಅಂತ ಬರೀಲಾ?”

ಅವರು ಮುಖ ಕಿವುಚಿದರು. “ಛೆ ಛೆ, ಉಗುಳು ಅಂದ್ರೆ ಅಸಹ್ಯ ಆಗುತ್ತಮ್ಮ. ಮಂತ್ರಿಗಳು ಬಂದು ಉದ್ಘಾಟನೆ ಮಾಡೋ ಬೋರ್ಡು ಅದು. ಇಲಾಖೆಗೊಂದು ಮರ್ಯಾದೆ ಬೇಡ್ವಾ?”

ಬೇಕು ಸ್ವಾಮಿ, ಮರ್ಯಾದೆ ಯಾರಿಗೆ ಬೇಡ. ‘ಲಾಲಾರಸ’ ಎಂದೇ ಬರೆದೆ. ಬರೆಯಲು ಸುಖವಾದ ಪದ ಅದು. ಒತ್ತಕ್ಷರವಿಲ್ಲ, ಕೊಂಬಿಲ್ಲ, ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಓದುವವರಿಗೂ ಸುಖವಾಗಿಯೇ ಇತ್ತು, ಅರ್ಥ ಮಾತ್ರ ಆಗಲಿಲ್ಲ. ನಮ್ಮ ಎದುರುಮನೆಯ ಗಡಿಯಾರ ರಿಪೇರಿಯವರು ಮೈ ಬಿಸಿಯಾದ ಕೂಡಲೇ ಔಷಧಿ ಅಂಗಡಿಗೆ ಹೋಗಿ “ಒಂದು ಬಾಟ್ಲಿ ಲಾಲಾರಸ ಕೊಡಿ” ಎಂದರಂತೆ. ಅಂಗಡಿಯವನು “ಅದು ಸ್ಟಾಕಿಲ್ಲ, ಇದೂ ಅದೇ ಥರದ್ದೇ” ಎಂದು ಯಾವುದೋ ಹಸಿರು ಟಾನಿಕ್ಕು ಕೊಟ್ಟು ಕಳಿಸಿದ. ಅವರು ಬಂದು ನನ್ನನ್ನೇ ಕೇಳಿದರು: “ಬೋರ್ಡಲ್ಲಿ ದಿನಕ್ಕೆಷ್ಟು ಚಮಚ ಅಂತ ಬರೀಬೇಕಿತ್ತಲ್ಲಮ್ಮ, ಮರೆತ್ಯಾ?” ಆವತ್ತು ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅತ್ತೆಯೂ ನಕ್ಕರು.

ಅತ್ತೆಯ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಮಗೆ ತಿಳಿಯುವುದಿಲ್ಲ. ನಮ್ಮ ಬೋರ್ಡಿನ ಅಂಗಡಿ ಮಾವನವರ ಕಾಲದ್ದು. ಆಗಿನಿಂದಲೂ ಬಣ್ಣ ಕಲಸಿಕೊಡುತ್ತಿದ್ದವರು ಅತ್ತೆ. ಎಲ್ಲಿ ಬೋರ್ಡು ಕಂಡರೂ ನಿಂತು, ಜೋರಾಗಿ ಓದಿ, ಕಾಗುಣಿತ ತಪ್ಪಿದ್ದರೆ ಅಲ್ಲೇ ಅಂಗಡಿಯವರಿಗೆ ಹೇಳಿಬಿಡುವುದು ಅವರ ಅಭ್ಯಾಸ. ಅವರ ಜೊತೆ ಬಜಾರಿಗೆ ಹೋದರೆ ಮಾನ ಉಳಿಯುತ್ತಿರಲಿಲ್ಲ. ಕೆಲವು ವರ್ಷಗಳ ಕೆಳಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಬೇಕಾಯಿತು. ಇತ್ತೀಚೆಗೆ ಇನ್ನೊಂದು ಹಾಕಿದ್ದರು. ಅದು ಮತ್ತೆ ಕಟ್ಟಬಾರದೆಂದು ರಕ್ತ ತೆಳುಮಾಡುವ ಮಾತ್ರೆಯನ್ನು ದಿನಾ ಬೆಳಗ್ಗೆ ತೆಗೆದುಕೊಳ್ಳುತ್ತಿದ್ದರು. ಆಸ್ಪತ್ರೆ ಅಲೆದು ಅಲೆದು ಅವರ ಕೈಯ ನರಗಳೆಲ್ಲ ಸೋತುಹೋಗಿದ್ದವು. ಚುಚ್ಚಿದರೆ ರಕ್ತ ಬರುತ್ತಿರಲಿಲ್ಲ, ಬರೀ ನೀಲಿ ಬಾವು ಬರುತ್ತಿತ್ತು. ಆದ್ದರಿಂದಲೇ ತಮ್ಮ ಮೈಕು ‘ಸೂಜಿ ಬೇಡ’ ಎಂದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಖುಷಿಪಟ್ಟವರು ಅವರು. ನನ್ನ ನಾದಿನಿಗೂ ಖುಷಿಯಾಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನಮ್ಮ ಜೊತೆಯೇ ಇದ್ದಾಳೆ. “ಅಮ್ಮನಿಂದ ನಂಗೆ ಬಂದ ಆಸ್ತಿ ಅಂದ್ರೆ ಈ ಸಿಗದೇ ಇರೋ ನರಗಳು ಅಷ್ಟೇ” ಎಂದು ತೋಳು ಚಾಚಿ ತೋರಿಸುತ್ತಿದ್ದಳು.

ಆಮೇಲೆ ಅತ್ತೆಗೇ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ಹೊಡೆದು ಹಾಕಿದ ಹಾಗೆ ಎನ್ನುತ್ತಿದ್ದರು. ತಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದೆವು. ಅಲ್ಲಿನ ಡಾಕ್ಟರಮ್ಮನ ಮೇಲೆ ನನ್ನದೇನೂ ದೂರಿಲ್ಲ. ಇನ್ನೂ ಚಿಕ್ಕ ವಯಸ್ಸು, ನಿದ್ದೆಯಿಲ್ಲದ ಕಣ್ಣು. ಅತ್ತೆಯ ಎರಡೂ ಕೈ ಹುಡುಕಿದರು, ಪಾದ ಹುಡುಕಿದರು. ರಕ್ತ ಸಿಗಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ನೋಡಿ, ಇದು ಡೆಂಗಿ ಆಗಿದ್ರೆ ಆ ರಕ್ತ ತೆಳು ಮಾಡೋ ಮಾತ್ರೆ ಕೊಡೋದು ಅಪಾಯ, ಎಲ್ಲಿ ಬೇಕಾದ್ರೂ ರಕ್ತ ಸುರೀಬಹುದು. ಡೆಂಗಿ ಅಲ್ದೆ ಸುಮ್ನೆ ನಿಲ್ಲಿಸಿದ್ರೆ ಸ್ಟೆಂಟ್ ಕಟ್ಕೊಂಡ್ರೆ ಅದೂ ಅಪಾಯ. ಕತ್ತಿನ ಹತ್ರ ಚುಚ್ಚಿ ತೆಗೆಯೋಣ ಅಂದ್ರೆ, ಈ ಮಾತ್ರೆ ತಗೊಳ್ಳೋರಿಗೆ ರಕ್ತ ನಿಲ್ಲಿಸೋದೇ ಕಷ್ಟ. ಮೊದ್ಲು ಉಗುಳಿನ ಪರೀಕ್ಷೆ ಮಾಡ್ಸಿ. ಅದರಲ್ಲಿ ಕಾಣಿಸ್ಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಆದ್ರೆ ಕಾಣಿಸಿದ್ರೆ ಮಾತ್ರೆ ನಿಲ್ಲಿಸೋಕೆ ನಂಗೊಂದು ಧೈರ್ಯ ಬರುತ್ತೆ.”

ಗಮನಿಸಿದಿರಾ ಮಾನ್ಯರೇ? ಅವರು ಉಗುಳು ಎಂದೇ ಅಂದರು. ಜೀವದ ಪ್ರಶ್ನೆ ಬಂದಾಗ ಯಾರ ಬಾಯಲ್ಲೂ ಲಾಲಾರಸ ಬರುವುದಿಲ್ಲ.

ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ ಕೊಟ್ಟರು, ಮುಚ್ಚಳ ಸಮೇತ. ಇಷ್ಟು ಗೆರೆಯವರೆಗೆ ತುಂಬಬೇಕು ಎಂದರು. ಎಲ್ಲಿ ತುಂಬಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಅತ್ತೆಯನ್ನು ನಲ್ಲಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿ ನಳಿಗೆಯನ್ನು ಅವರ ತುಟಿಗೆ ಹಿಡಿದೆ. ತಮ್ಮ ಕಾವಲುಗಾರ ಎಲ್ಲಿದ್ದನೋ, ಓಡಿಬಂದ.

“ಏನಮ್ಮ, ಕಣ್ಣು ಕಾಣಲ್ವಾ? ಅಷ್ಟು ದೊಡ್ಡದಾಗಿ ಬರ್ದಿದೆಯಲ್ಲ, ಇಲ್ಲಿ ಉಗುಳಬಾರದು ಅಂತ!”

“ಅದನ್ನ ಬರ್ದಿರೋಳೇ ನಾನು ಕಣಪ್ಪ” ಎಂದೆ.

“ಬರ್ದಿರೋರೇ ಹಿಂಗೆ ಮಾಡಿದ್ರೆ ಓದೋರು ಇನ್ನೆಂಗೆ?” ಎಂದ. ಉಗುಳುತ್ತಿರುವುದು ನೆಲಕ್ಕಲ್ಲ, ನಳಿಗೆಗೆ, ಡಾಕ್ಟರೇ ಹೇಳಿದ್ದು ಎಂದು ವಿವರಿಸಿದೆ. ಅವನು ತನಗೆ ಅಂಥ ಆದೇಶ ಬಂದಿಲ್ಲ ಎಂದ. ಅವನದೂ ತಪ್ಪಿಲ್ಲ, ಅವನಿಗೆ ಬಂದದ್ದು ನನ್ನ ಬೋರ್ಡು ಮಾತ್ರ.

ಹೊರಗೆ ಸೈಕಲ್ ಸ್ಟ್ಯಾಂಡಿನ ಮರೆಗೆ ಹೋದೆವು. ಜ್ವರಕ್ಕೆ ಅತ್ತೆಯ ಬಾಯಿ ಒಣಗಿ ಕಟ್ಟಿಗೆಯಾಗಿತ್ತು. ನಾದಿನಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, “ಅಮ್ಮ, ನಿಂಬೆಹಣ್ಣು ನೆನೆಸ್ಕೋ. ಈಗ ತಾನೇ ಕುಯ್ದಿದಾರೆ ಅನ್ಕೋ. ರಸ ಸೋರ್ತಿದೆ, ನಾಲಿಗೆಗೆ ತಗುಲ್ತು ಅನ್ಕೋ” ಎಂದು ಅಭಿನಯ ಮಾಡಿ ತೋರಿಸಿದಳು. ಅವಳ ಬಾಯಲ್ಲೂ ನನ್ನ ಬಾಯಲ್ಲೂ ನೀರೂರಿತು, ಅತ್ತೆಯ ಬಾಯಲ್ಲಿ ಊರಲಿಲ್ಲ.

“ಸಂಸಾರ ಪೂರ್ತಿ ಉಗುಳು ನುಂಗ್ಕೊಂಡೇ ಬದುಕಿದ್ದೀನಿ” ಎಂದರು ಅತ್ತೆ. “ಈಗ ಇದ್ದಕ್ಕಿದ್ದ ಹಾಗೆ ಉಗುಳು ಅಂದ್ರೆ ಎಲ್ಲಿಂದ ಬರಬೇಕು?”

“ನೀವು ನುಂಗಿದ್ದು? ಸುಮ್ನಿರಿ ಅತ್ತೆ, ಊರೋರೆಲ್ಲ ನಿಮ್ಮೆದುರು ಉಗುಳು ನುಂಗಿದ್ದು ನಾನು ನೋಡಿದ್ದೀನಿ” ಎಂದೆ. ನಕ್ಕರು. ಆ ನಗುವಿನಲ್ಲೇ ಹೇಗೋ ಅಷ್ಟಿಷ್ಟು ಬಂತು. ಹನಿ ಹನಿಯಾಗಿ ಗೆರೆ ಮುಟ್ಟಿಸಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟರಲ್ಲಿ ನನ್ನ ಹಣೆಬರಹ ಕಾಣಿಸುತ್ತಂತಾ? ಪರವಾಗಿಲ್ವೇ” ಎಂದರು.

ಮಾದರಿ ತೆಗೆದುಕೊಳ್ಳುವ ಕಿಟಕಿಗೆ ಬಂದೆವು. ಅದರ ಮೇಲಿನ ಬೋರ್ಡೂ ನನ್ನದೇ, ಹಳೆಯದು. ಅತ್ತೆ ಅಭ್ಯಾಸಬಲದಿಂದ ಜೋರಾಗಿ ಓದಿದರು. “ರಕ್ತ. ಮೂತ್ರ. ಕಫ.” ಆಮೇಲೆ ನನ್ನ ಮುಖ ನೋಡಿ ಕೇಳಿದರು: “ನಮ್ದೆಲ್ಲೇ?”

ಒಳಗಿದ್ದವರೂ ಅದನ್ನೇ ಕೇಳಿದರು. “ಇದು ಯಾವ್ದಕ್ಕೂ ಬರಲ್ವಲ್ಲಮ್ಮ.”

“ಲಾಲಾರಸ ಪರೀಕ್ಷೆ ಅಂತ ಗೇಟಲ್ಲಿ ಬೋರ್ಡಿದೆಯಲ್ಲ ಸಾರ್.”

“ಅದು ಗೇಟಿನ ಬೋರ್ಡು. ಇಲ್ಲಿ ಒಳಗೆ ಇರೋದು ಮೂರೇ ಟ್ರೇ.” ಅವರು ನಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಬಾಯಿಂದ ಬಂದಿದ್ದು ತಾನೇ? ಹಂಗಾದ್ರೆ ಕಫಕ್ಕೆ ಹಾಕ್ತೀನಿ.”

“ಅಲ್ಲ ಸಾರ್, ಇದು ಡೆಂಗಿಗೆ. ಕಫ ಬೇರೆ ಅಲ್ವಾ?”

“ಒಳಗೆ ಹೋದ್ಮೇಲೆ ಅವರು ನೋಡ್ಕೋತಾರೆ ಬಿಡಮ್ಮ. ಹಿಂದೆ ಸಾಲು ಬೆಳೀತಿದೆ.”

ಹಿಂದೆ ಸಾಲು ನಿಜವಾಗಿಯೂ ಬೆಳೆದಿತ್ತು. ಅತ್ತೆಗೆ ನಿಲ್ಲಲು ಆಗುತ್ತಿರಲಿಲ್ಲ. ನಾಳೆ ಬನ್ನಿ ಎಂದರು, ಮನೆಗೆ ಬಂದೆವು.

ಮರುದಿನ ನನ್ನ ಯಜಮಾನರು ಹೋದರೆ ಡೆಂಗಿಯ ಕೋಣೆಯಲ್ಲಿ ಅಂಥ ಮಾದರಿಯೇ ಬಂದಿಲ್ಲ ಎಂದರು. ಅದರ ಮರುದಿನವೂ ಅದೇ ಮಾತು. ಉಗುಳು ಪರೀಕ್ಷೆ ಮಾಡುವ ಯಂತ್ರ, ಉದ್ಘಾಟನೆಯ ರಿಬ್ಬನ್ನು ಸಮೇತ, ಆ ಕೋಣೆಯಲ್ಲಿಯೇ ಇತ್ತಂತೆ. ಅಲ್ಲಿನ ಹುಡುಗಿ ಪಾಪ, “ನಮಗೂ ಯಾರೂ ತಂದುಕೊಡ್ತಿಲ್ಲ ಸಾರ್, ಜನಕ್ಕೆ ಈ ಪರೀಕ್ಷೆ ಬೇಡವೇನೋ ಅನ್ಕೊಂಡಿದ್ವಿ” ಎಂದಳಂತೆ. ಇನ್ನೊಮ್ಮೆ ಉಗುಳು ತರುತ್ತೇನೆ, ನೇರವಾಗಿ ನಿಮ್ಮ ಕೈಗೇ ಕೊಡುತ್ತೇನೆ ಎಂದು ಇವರು ಬೇಡಿಕೊಂಡರು. ಕಿಟಕಿಯ ಮೂಲಕ ಬರದ ಮಾದರಿಯನ್ನು ಮುಟ್ಟಬಾರದೆಂದು ನಿಯಮವಿದೆಯಂತೆ. ಕಿಟಕಿಗೆ ಬಂದರೆ, ಒಮ್ಮೆ ಕೊಟ್ಟಿದ್ದೀರಿ, ಅದರ ಫಲಿತಾಂಶ ಬರುವ ತನಕ ಇನ್ನೊಂದು ತೆಗೆದುಕೊಳ್ಳುವಂತಿಲ್ಲ ಎಂದರು. ಡಾಕ್ಟರಮ್ಮ ಎರಡು ಸಲ ಫೋನು ಮಾಡಿದರು. ಅವರಿಗೂ ‘ನೋಡುತ್ತೇವೆ’ ಎಂಬ ಉತ್ತರ ಸಿಕ್ಕಿತು.

ಆ ದಿನಗಳ ಬೆಳಗನ್ನು ನಾನು ಮರೆಯುವುದಿಲ್ಲ. ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತು, ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳುತ್ತಿದ್ದರು: “ಏನೇ, ಇವತ್ತು ನುಂಗಲಾ, ಬೇಡ್ವಾ?” ಬೋರ್ಡಿಗೆ ಯಾವ ಬಣ್ಣ ಹಾಕಲಿ ಎಂದು ನಾನು ಅವರನ್ನು ಕೇಳುತ್ತಿದ್ದೆ. ಇಂಥ ಪ್ರಶ್ನೆಯನ್ನು ಅವರು ನನ್ನನ್ನು ಕೇಳಿದರೆ ಏನು ಹೇಳಲಿ? ನುಂಗಿ ಎಂದರೆ ಒಂದು ಭಯ, ಬೇಡ ಎಂದರೆ ಇನ್ನೊಂದು ಭಯ. ಡಾಕ್ಟರಮ್ಮನಿಗೂ ಅದೇ ಭಯ. ಫಲಿತಾಂಶ ಬರುವ ತನಕ ಮುಂದುವರಿಸಿ ಎಂದರು. ಮುಂದುವರಿಸಿದೆವು.

ಒಂದು ಬೆಳಗ್ಗೆ ಅತ್ತೆ ಬಾಯಿ ಮುಕ್ಕಳಿಸಿ ಉಗುಳಿದರು. ಬೇಸಿನ್ನು ಕೆಂಪಾಯಿತು. ವಸಡಿನಿಂದ ರಕ್ತ ನಿಲ್ಲಲೇ ಇಲ್ಲ. ಅಷ್ಟು ಕೈಗಳು ಹುಡುಕಿದರೂ ಸಿಗದ ರಕ್ತ ತಾನಾಗಿಯೇ ಬಂತು, ಅದೂ ಉಗುಳಿನ ಜೊತೆಗೇ ಬಂತು. ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಡೆಂಗಿ ಎಂದರು, ಮಾತ್ರೆ ಯಾಕೆ ನಿಲ್ಲಿಸಲಿಲ್ಲ ಎಂದರು. ಅತ್ತೆ ಅಲ್ಲಿಂದ ಮನೆಗೆ ಬರಲಿಲ್ಲ.

ನನಗೆ ತುಂಬ ದಣಿವಾಗಿದೆ, ಆದರೂ ಒಂದು ಮಾತನ್ನು ನೆಟ್ಟಗೆ ಹೇಳಬೇಕು. ಪರೀಕ್ಷೆ ಸಮಯಕ್ಕೆ ಸರಿಯಾಗಿ ಆಗಿದ್ದರೆ ಅವರು ಬದುಕಿಯೇ ಬಿಡುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಯಾವ ಡಾಕ್ಟರೂ ಹಾಗೆ ಹೇಳಲಿಲ್ಲ. ಉಗುಳಿನಲ್ಲಿ ಕಾಯಿಲೆ ಕಾಣಿಸದೆಯೂ ಹೋಗಬಹುದಿತ್ತು. ಉಗುಳೊಂದಿದ್ದರೆ ಇನ್ನು ರಕ್ತಪರೀಕ್ಷೆಯೇ ಬೇಡ ಎನ್ನುವಷ್ಟು ದಡ್ಡಿಯೂ ನಾನಲ್ಲ. ಆದರೆ ಒಂದು ಬಾಗಿಲು ತೆರೆದಿದ್ದೇವೆ ಎಂದು ತಾವೇ ಮೈಕು ಹಾಕಿ ಬೀದಿ ಬೀದಿ ಕೂಗಿದಿರಿ. ನಾವು ನಂಬಿ ಬಂದೆವು. ಬಾಗಿಲ ಹಿಂದೆ ಗೋಡೆ ಇತ್ತು. ಬಾಗಿಲೇ ಇಲ್ಲ ಎಂದಿದ್ದರೆ ನಾವು ಬೇರೆ ದಾರಿಯನ್ನಾದರೂ ನೋಡಿಕೊಳ್ಳುತ್ತಿರಲಿಲ್ಲವೇ? ಸಾಲ ಸೋಲ ಮಾಡಿ ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಹೋಗುತ್ತಿರಲಿಲ್ಲವೇ? ಈ ಪ್ರಶ್ನೆ ದಿನಾ ನನ್ನ ಜೊತೆಯೇ ಏಳುತ್ತದೆ, ನನ್ನ ಜೊತೆಯೇ ಮಲಗುತ್ತದೆ.

ಈಗ ಆ ಸಂದೇಶಕ್ಕೆ ಬರುತ್ತೇನೆ. ಅತ್ತೆ ಹೋದ ಮೇಲೆ, ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಫೋನು ಕುಂಯ್ ಎಂದಿತು. “ಮಾದರಿ ತಿರಸ್ಕೃತ. ಕಾರಣ: ಇದು ಕಫವಲ್ಲ, ಕೇವಲ ಉಗುಳು.” ನಾದಿನಿಯೇ ಜೋರಾಗಿ ಓದಿದಳು, ಅಮ್ಮನ ಹಾಗೆ. ಅರ್ಥವಾಗಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆವು. ಅವರು ಹೇಳಿದರು: ಕಫದ ಟ್ರೇ ಹೋಗುವುದು ಕ್ಷಯದ ಪರೀಕ್ಷೆಗಂತೆ. ಅಲ್ಲಿಗೆ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಬರೀ ಉಗುಳು ಬಂದರೆ ಪಕ್ಕಕ್ಕಿಡುತ್ತಾರೆ. ಅವರ ಲೆಕ್ಕದಲ್ಲಿ ಅವರು ಮಾಡಿದ್ದು ಸರಿ. ನೋಡಿ, ಈ ಕತೆಯಲ್ಲಿ ತಪ್ಪು ಮಾಡಿದವರು ಒಬ್ಬರೂ ಸಿಗುವುದಿಲ್ಲ. ಕಾವಲುಗಾರ ಬೋರ್ಡು ಪಾಲಿಸಿದ. ಕಿಟಕಿಯವರು ಇದ್ದ ಟ್ರೇಗೆ ಹಾಕಿದರು. ಕ್ಷಯದವರು ನಿಯಮ ನೋಡಿದರು. ಡೆಂಗಿಯವರು ಬಾರದ ಮಾದರಿಗೆ ಕಾದರು. ಎಲ್ಲರೂ ಸರಿಯಾಗಿಯೇ ಕೆಲಸ ಮಾಡಿದ್ದಾರೆ, ನಮ್ಮ ಅತ್ತೆ ಮಾತ್ರ ಇಲ್ಲ.

ಆದರೆ ಒಂದು ವಿಷಯಕ್ಕೆ ತಮ್ಮ ಇಲಾಖೆಯನ್ನು ಮೆಚ್ಚಿದೆ. ಬೋರ್ಡಿನಲ್ಲಿ ಬರೆಯಲು ಅಸಹ್ಯವಾಗಿದ್ದ ಆ ಪದ, ತಿರಸ್ಕರಿಸುವಾಗ ಎಷ್ಟು ಸಲೀಸಾಗಿ ಬಂತು! ಕರೆಯುವಾಗ ಲಾಲಾರಸ, ಬಿಸಾಡುವಾಗ ಉಗುಳು. ‘ಉಗುಳಬಾರದು’ ಎಂದು ಗದರಿಸಲು ತಮಗೆ ನಮ್ಮ ಮಾತು ಬೇಕು, ‘ಉಗುಳಿ, ನೋಡುತ್ತೇವೆ’ ಎಂದು ಕರೆಯಲು ಮಾತ್ರ ಬೇಡ. ಅದೂ ‘ಕೇವಲ’ ಉಗುಳಂತೆ. ಆ ಕೇವಲದ್ದನ್ನು ಹೊರಡಿಸಲು ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ನಾದಿನಿ ಗಾಳಿಯಲ್ಲಿ ನಿಂಬೆಹಣ್ಣು ಹಿಂಡಿದ್ದನ್ನು ತಾವು ನೋಡಬೇಕಿತ್ತು.

ನನಗೆ ಪರಿಹಾರ ಬೇಡ. ತನಿಖೆಯೂ ಬೇಡ. ತನಿಖೆ ಮಾಡಿದರೆ ಆ ಕಿಟಕಿಯವರನ್ನು ಇನ್ನೊಂದು ಕಿಟಕಿಗೆ ಹಾಕುತ್ತೀರಿ, ಅಷ್ಟೇ ತಾನೇ? ನನಗೆ ಬೇಕಾದದ್ದು ಒಂದು ಪದ ಬರೆಯಲು ಅನುಮತಿ. ಆ ಕಿಟಕಿಯ ಬೋರ್ಡಿನಲ್ಲಿ ಕಫದ ಕೆಳಗೆ ಒಂದು ಸಾಲಿಗೆ ಜಾಗವಿದೆ. ನನಗೆ ಗೊತ್ತು, ದಾರ ಹಿಡಿದು ಗೆರೆ ಹೊಡೆದವಳು ನಾನೇ. ಅಲ್ಲಿ ‘ಉಗುಳು’ ಎಂದು ಬರೆಯುತ್ತೇನೆ. ಮೂರೇ ಅಕ್ಷರ. ಬಣ್ಣ ನನ್ನದು, ಬ್ರಷ್ಷು ನನ್ನದು, ಏಣಿಯೂ ನನ್ನದು. ತಾವು ಮಾಡಬೇಕಾದದ್ದು ಇಷ್ಟು: ಬೋರ್ಡಿನ ಹಿಂದೆ ನಾಲ್ಕನೆಯ ಟ್ರೇ ಇಡಿಸಬೇಕು, ಅದನ್ನು ಯಾವ ಕೋಣೆಗೆ ಒಯ್ಯಬೇಕೆಂದು ಒಬ್ಬರಿಗೆ ಹೇಳಿರಬೇಕು, ರೋಗಿ ಕೂತು ಉಗುಳಲು ಒಂದು ಮೂಲೆ ತೋರಿಸಬೇಕು, ಅಲ್ಲಿರುವ ನನ್ನ ಕೆಂಪು ಬೋರ್ಡನ್ನು ಅಳಿಸಲು ಹೇಳಬೇಕು. ಅದನ್ನೂ ನಾನೇ ಅಳಿಸುತ್ತೇನೆ.

ಇದಕ್ಕೆ ಕಡತ ತಯಾರಾಗಬೇಕು, ಮೇಲಿನವರ ಸಹಿ ಆಗಬೇಕು, ಸ್ವಲ್ಪ ತಾಳ್ಮೆ ಇರಲಿ ಎನ್ನುತ್ತೀರಿ. ಅತ್ತೆಗಾಗಿಯೇ ಆಗಿದ್ದರೆ ತಾಳುತ್ತಿದ್ದೆ, ಅವರಿಗೆ ಇನ್ನು ಯಾವ ಅವಸರವೂ ಇಲ್ಲ. ಆದರೆ ನಿನ್ನೆ ಸಂಜೆ ಕನ್ನಡಕದ ಅಂಗಡಿಯಿಂದ ಬಂದ ನಾದಿನಿ ಊಟ ಬೇಡ ಎಂದು ಮಲಗಿದಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ಕಣ್ಣಿನ ಹಿಂದೆ ನೋವಂತೆ. ಇವತ್ತು ಬೆಳಗ್ಗೆ ತಮ್ಮ ಆಸ್ಪತ್ರೆಯಲ್ಲಿ ಅವಳ ಎರಡೂ ತೋಳುಗಳನ್ನು ನೋಡಿದರು, ರಕ್ತ ಸಿಗಲಿಲ್ಲ. ಅಮ್ಮನ ಆಸ್ತಿ. ಡಾಕ್ಟರಮ್ಮ ಆ ಸಣ್ಣ ನಳಿಗೆಯನ್ನೇ ನನ್ನ ಕೈಗಿಟ್ಟರು.

ನಳಿಗೆ ಈಗ ನನ್ನ ಮುಂದೆಯೇ ಇದೆ, ಖಾಲಿ. ನಾದಿನಿಗೆ ನಿಂಬೆಹಣ್ಣಿನ ಕತೆ ಹೇಳುವುದು ಇನ್ನು ನನ್ನ ಪಾಲು. ನಾಳೆ ಬೆಳಗ್ಗೆ ಕಿಟಕಿ ತೆರೆಯುವ ಹೊತ್ತಿಗೆ ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಡಬ್ಬಿಯನ್ನೂ ಹಿಡಿದು ಬರುತ್ತೇನೆ. ಅವಳು ನನ್ನ ಪಕ್ಕದಲ್ಲಿ ನಿಂತಿರುತ್ತಾಳೆ. ಆ ಬೋರ್ಡನ್ನು ಓದಿ ಅವಳೂ “ನಮ್ದೆಲ್ಲಿ ಅತ್ತಿಗೆ?” ಎಂದು ಕೇಳಿದರೆ ನಾನು ಏನು ಹೇಳಬೇಕು ಎಂಬುದನ್ನು ದಯವಿಟ್ಟು ಅಷ್ಟರೊಳಗೆ ತಿಳಿಸಿ.

ಇಂತಿ,
ತಮ್ಮ ಗೋಡೆಗಳ ತುಂಬ ‘ಇಲ್ಲಿ ಉಗುಳಬಾರದು’ ಎಂದು ಬರೆದು,
ಈಗ ಎಲ್ಲಿ ಉಗುಳಬೇಕೆಂದು ಕೇಳುತ್ತಿರುವ
ಬೋರ್ಡು ಬರೆಯುವವಳು